ಅರ್ತಿಂಗ್ ಗುಂಡಿಗೆ ನೀರು

ಯಾರ ಮನೆಗೆ ಹೋದರೂ ಬಚ್ಚಲಿನ ನಲ್ಲಿಯನ್ನು ಹಿಂಗೈಯಿಂದ ಒಮ್ಮೆ ಸವರಿ ನೋಡಿಯೇ ನಾನು ಕೈ ತೊಳೆಯುವುದು. ಅಂಗೈಯಿಂದ ಮುಟ್ಟುವುದಿಲ್ಲ. ಅಂಗೈಯಿಂದ ಮುಟ್ಟಿದರೆ ಕರೆಂಟು ಬೆರಳುಗಳನ್ನು ಮಡಚಿಸಿ ಹಿಡಿದುಕೊಳ್ಳುತ್ತದೆ; ಹಿಂಗೈಯಾದರೆ ಒದ್ದು ಆಚೆಗೆ ಬಿಸಾಡುತ್ತದೆ. ಮೊನ್ನೆ ಇಲ್ಲಿ ನಾಗಮಂಗಲದಲ್ಲಿ ನಮ್ಮ ಎದುರು ಮನೆಯವರು ಹೊಸ ಗೀಸರು ಹಾಕಿಸಿ, ಬೀದಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ಎಲ್ಲರೂ ಗೋಡೆಯ ಮೇಲಿನ ಬಿಳಿ ಡಬ್ಬಿಯನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ ನಾನು ಕೆಳಗೆ ಬಗ್ಗಿ ನಲ್ಲಿ ಸವರುತ್ತಿದ್ದೆ.

“ಇದೇನ್ ಸುಸೀಲಕ್ಕ, ಕರುವಿನ್ ಮೂತಿ ಸವರ್ದಂಗೆ ಸವರ್ತಿದ್ದೀಯಾ? ಅದೇನ್ ಒದ್ದಾತಾ?” ಎಂದು ಆ ಮನೆಯವಳು ನಕ್ಕಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಗೀಸರಿನಲ್ಲಿ ನೀರು ಕಾಯದಿದ್ದರೆ ನೀವು ಅಂಗಡಿಯವನಿಗೆ ಹೇಳಿಕಳಿಸುತ್ತೀರಿ. ನಮ್ಮ ಕಿರಂಗೂರಿನಲ್ಲಿ ಆಗ ಗೀಸರೂ ಇರಲಿಲ್ಲ, ಹೇಳಿಕಳಿಸಿದರೆ ಬರುವವರೂ ಇರಲಿಲ್ಲ. ಇದ್ದದ್ದು ಕಾಯಿಲ್ ಎಂಬ ಕರೆಂಟಿನ ಸುರುಳಿ. ತಾಮ್ರದ ಹಂಡೆಗೆ ಅಡ್ಡಲಾಗಿ ಒಂದು ಮರದ ಪಟ್ಟಿ ಇಟ್ಟು, ಅದಕ್ಕೆ ನೇತುಹಾಕಿ, ಪ್ಲಗ್ಗು ಚುಚ್ಚಿದರೆ ನೀರು ಗುಯ್‌ಗುಡುತ್ತ ಕಾಯುತ್ತಿತ್ತು. ಅದಕ್ಕೆ ಬರುವ ಕಾಯಿಲೆಗಳೂ ಮದ್ದುಗಳೂ ನನಗೆ ಬಾಯಿಪಾಠ. ನೀರು ತಡವಾಗಿ ಕಾಯುತ್ತಿದೆಯೇ, ಕಾಯಿಲಿಗೆ ಬಿಳಿ ಹಕ್ಕಳೆ ಕಟ್ಟಿದೆ ಎಂದರ್ಥ. ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ ಹಳೆಯ ಚಾಕುವಿನಲ್ಲಿ ಹೆರೆಯಬೇಕು. ಫ್ಯೂಸು ಹೋಯಿತೇ, ತಂತಿ ಕಟ್ಟಬೇಕು. ಮತ್ತೆ ಹೋಯಿತೇ, ಇನ್ನೊಂದು ಎಳೆ ಸೇರಿಸಿ ದಪ್ಪನಾಗಿ ಕಟ್ಟಬೇಕು. ಇದು ತಪ್ಪೆಂದು ಈಗ ಗೊತ್ತು. ಆಗ ಅದೇ ಜಾಣತನ. ಹಂಡೆ ಮುಟ್ಟಿದರೆ ಜುಮ್ಮೆನ್ನುತ್ತಿದೆಯೇ, ಹವಾಯಿ ಚಪ್ಪಲಿ ಹಾಕಿಕೊಂಡು ಮುಟ್ಟಬೇಕು. ನಮ್ಮ ಬಚ್ಚಲ ಬಾಗಿಲಲ್ಲಿ ಅದಕ್ಕೆಂದೇ ಒಂದು ಜೊತೆ ಚಪ್ಪಲಿ ಇರುತ್ತಿತ್ತು. ನೆಂಟರು ಬಂದರೆ ಚೊಂಬು ತೋರಿಸುವ ಮೊದಲು ಚಪ್ಪಲಿ ತೋರಿಸುತ್ತಿದ್ದೆವು.

ನಾನು ಓದಿದ್ದು ಏಳನೇ ಕ್ಲಾಸು. ಎಮ್ಮೆ ನೋಡಿಕೊಳ್ಳಲು ಒಬ್ಬರು ಬೇಕೆಂದು ನನ್ನನ್ನು ಬಿಡಿಸಿದರು. ಆದರೆ ಬೀದಿಯಲ್ಲಿ ಫ್ಯೂಸು ಕಟ್ಟುವ ಹೆಂಗಸು ನಾನೊಬ್ಬಳೇ ಆಗಿದ್ದೆ. ಅಪ್ಪ ಗದ್ದೆಯಲ್ಲಿ ಹಾವು ಕಂಡರೆ ಕೋಲು ಹಿಡಿದು ಹೋಗುವವನು, ಮೀಟರು ಬೋರ್ಡಿನ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತಿದ್ದ. “ನೀ ನೋಡವ್ವ, ಅದು ನಿನ್ ಮಾತ್ ಕೇಳ್ತದೆ” ಎನ್ನುತ್ತಿದ್ದ. ದೀಪ ಹೋದರೆ ಅಕ್ಕಪಕ್ಕದವರು “ಸುಸೀಲನ್ನ ಕಳ್ಸಿ” ಎಂದು ಕೂಗುತ್ತಿದ್ದರು. ಓದು ಬಿಟ್ಟವಳಿಗೆ ಆ ಕೂಗು ಎಷ್ಟು ದೊಡ್ಡ ಸರ್ಟಿಫಿಕೇಟು ಎಂಬುದು ಓದಿದವರಿಗೆ ತಿಳಿಯದು. ಸ್ಕ್ರೂಡ್ರೈವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆ, ಬೇಕಿಲ್ಲದಿದ್ದರೂ.

ಊರು ಕರೆಯುವ ಕೀರ್ತಿಯಲ್ಲಿ ನಮ್ಮ ಮನೆಗೆ ನಾನು ಎರಡನೆಯವಳು. ಮೊದಲನೆಯವಳು ಅವ್ವ. ಬಾಣಂತಿಗೆ, ಕೂಸಿಗೆ ನೀರು ಹುಯ್ಯುವುದರಲ್ಲಿ ನಿಂಗಮ್ಮನ ಕೈ ಎಂದರೆ ಸುತ್ತಲಿನವರಿಗೆಲ್ಲ ಗೊತ್ತು. ಕೂಲಿಗೆ ಹೋಗುತ್ತಿದ್ದವಳಲ್ಲ, ಕರೆದರೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೊರಡುತ್ತಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಸೀರೆ ಮೊಣಕಾಲಿನ ತನಕ ಎತ್ತಿ, ಎರಡು ಕಾಲುಗಳ ನಡುವಿನ ಹಳ್ಳದಲ್ಲಿ ಕೂಸನ್ನು ಮಲಗಿಸಿಕೊಂಡರೆ, ಊರೆಲ್ಲ ಕೇಳುವಂತೆ ಅಳುತ್ತಿದ್ದ ಕೂಸು ಸುಮ್ಮನಾಗುತ್ತಿತ್ತು. ಬಾಣಂತಿಗೆ ಬೇರೆ ಹದ. ಮೈ ಕೆಂಪೇರುವಷ್ಟು ಬಿಸಿ ನೀರನ್ನು ಸೊಂಟಕ್ಕೆ ಬಡಿದು ಬಡಿದು ಹುಯ್ಯಬೇಕು, ಹಂಡೆ ಬರಿದಾಗುವ ತನಕ. ನಮ್ಮ ಬೀದಿಯ ಮಕ್ಕಳಲ್ಲಿ ಅವ್ವನ ಕಾಲ ಮೇಲೆ ಮಲಗದವರು ಕಡಿಮೆ.

ತೊಂಬತ್ತರ ದಶಕದ ಶುರುವಿನ ಒಂದು ಬೇಸಿಗೆಯಲ್ಲಿ ನನ್ನ ತಂಗಿ ರತ್ನ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ಅವಳನ್ನು ಕೆ.ಆರ್. ಪೇಟೆ ಹತ್ತಿರದ ಹೊಸಹೊಳಲಿಗೆ ಕೊಟ್ಟಿತ್ತು. ಅವಳು ನನಗಿಂತ ಚಿಕ್ಕವಳು, ಬೆಳ್ಳಗಿದ್ದಳು, ಪಿಯುಸಿ ಓದಿದ್ದಳು. ಕೇಳಿಕೊಂಡು ಬಂದ ಸಂಬಂಧವನ್ನು ಬಿಡಬಾರದೆಂದು ದೊಡ್ಡವಳಾದ ನನ್ನನ್ನು ಇಟ್ಟುಕೊಂಡು ಅವಳ ಮದುವೆ ಮಾಡಿದ್ದರು. ಹೆರಿಗೆ ಚೆನ್ನಾಗಿ ಆಗಿ, ಗಂಡು ಮಗು ಹುಟ್ಟಿತು.

ಅವ್ವ ಎಂದಿನಂತೆ ತೆಂಗಿನ ಮಟ್ಟೆ, ಕೊತ್ತಳಿಗೆ ಒಟ್ಟಿಕೊಂಡು ಹಂಡೆ ಒಲೆ ಸಾರಿಸಿದಳು. ನಾನು ಬಿಡಲಿಲ್ಲ. “ಯಾವ ಕಾಲ್ದಲ್ಲಿದ್ದೀಯವ್ವ? ವೊಗೆ ಕುಡ್ದು ಕೂಸು ಕೆಮ್ಮಲ್ವಾ? ಕಾಯಿಲ್ ಆಕಿದ್ರೆ ಒಂದ್ ಗಳಿಗೇಲಿ ಕಾಯ್ತದೆ” ಎಂದೆ. “ಸೌದೆ ನೀರಿನ್ ಹದ ಅದ್ಕೆ ಬರಕಿಲ್ಲ ಕಣಮ್ಮಿ” ಎಂದು ಅವ್ವ ಗೊಣಗಿದಳು. ಆದರೂ ಒಪ್ಪಿದಳು.

ಅದಾಗಿ ಕೆಲವು ದಿನಕ್ಕೆ ಗಾಳಿ ಬೀಸಿ ಕಂಬದಿಂದ ನಮ್ಮ ಮನೆಗೆ ಬರುವ ತಂತಿಗಳಲ್ಲಿ ಒಂದು ಹೋಯಿತು. ಮನೆಗೆ ಎರಡು ತಂತಿ ಬರುತ್ತವೆ: ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ವಾಪಸು ಹೋಗುತ್ತದೆ. ಹೋದದ್ದು ವಾಪಸು ಹೋಗುವ ನ್ಯೂಟ್ರಲ್ಲು. ಲೈನ್‌ಮ್ಯಾನಿಗೆ ಹೇಳಿಕಳಿಸಿದರೆ ಇವತ್ತು ನಾಳೆ ಎಂದ. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಒಂದು ಉಪಾಯವಿತ್ತು. ಗದ್ದೆಯ ಪಂಪ್‌ಸೆಟ್ಟು ಮನೆಗಳಲ್ಲಿ ದೀಪ ಉರಿಸುವವರೆಲ್ಲ ಮಾಡುತ್ತಿದ್ದರು. ಪ್ರತಿ ಮನೆಯ ಹಿಂದೆ ಇದ್ದಲು, ಉಪ್ಪು ತುಂಬಿ ಕೊಳವೆ ಹುಗಿದ ಅರ್ತಿಂಗ್ ಗುಂಡಿ ಇರುತ್ತದಲ್ಲ, ಆ ಕೊಳವೆಗೇ ಒಂದು ತಂತಿ ಸುತ್ತಿ ನ್ಯೂಟ್ರಲ್ಲಿನ ಜಾಗಕ್ಕೆ ಕೊಟ್ಟರಾಯಿತು. ಕರೆಂಟು ಮನೆಗೆ ಬಂದು, ದುಡಿದು, ಭೂಮಿಯೊಳಕ್ಕೆ ಹೋಗುತ್ತದೆ. ಗುಂಡಿ ಒದ್ದೆಯಾಗಿರಬೇಕು, ಅಷ್ಟೇ. ಒಣಗಿದರೆ ದೀಪ ಮಂಕಾಗುತ್ತದೆ. ಆಗ ಬಿಂದಿಗೆ ನೀರು ಹುಯ್ದರೆ, ಎಣ್ಣೆ ಹಾಕಿದ ದೀವಿಗೆಯಂತೆ ಬಲ್ಬು ಕಣ್ಣು ಬಿಡುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದ ಮೋಜು ಅದು.

ಅಪ್ಪ ಹೊಲಕ್ಕೆ ಹೋಗಿದ್ದಾಗ ಆ ತಂತಿ ಸುತ್ತಿದೆ. ದೀಪ ಬಂತು, ಕಾಯಿಲೂ ಗುಯ್‌ಗುಟ್ಟಿತು. “ಲೈನ್‌ಮ್ಯಾನ್ ಬಂದಿದ್ನಾ?” ಎಂದು ಅಪ್ಪ ಕೇಳಿದ. “ಯಾಕೆ, ನಾನಿಲ್ವಾ?” ಎಂದೆ. ಹೇಗೆ ಮಾಡಿದೆ ಎಂದು ಯಾರೂ ಕೇಳಲಿಲ್ಲ. ದಿನಾ ಬೆಳಿಗ್ಗೆ ಬಾಣಂತಿ ನೀರಿಗೆ ಕಾಯಿಲ್ ಹಾಕುವ ಮುಂಚೆ ಗುಂಡಿಗೆ ಬಿಂದಿಗೆಗಟ್ಟಲೆ ನೀರು ಹುಯ್ಯುವುದು ನನ್ನ ಕೆಲಸವಾಯಿತು.

ಬಾಣಂತಿ ಮನೆಗೆ ಮಾತಾಡಿಸಲು ಬರುವವರು ಇದ್ದೇ ಇರುತ್ತಾರೆ. ಪಕ್ಕದ ಮನೆ ಜಯಮ್ಮ ದಿನವೂ ಬರುತ್ತಿದ್ದಳು. ಒಂದು ಬೆಳಿಗ್ಗೆ ನಾನು ಬಿಂದಿಗೆ ಸೊಂಟಕ್ಕಿಟ್ಟುಕೊಂಡು ನಡುಮನೆ ದಾಟುತ್ತಿದ್ದೆ. ರತ್ನ ಕೂಸನ್ನು ಎತ್ತಿಕೊಂಡು ಕುಳಿತಿದ್ದಳು. ಜಯಮ್ಮ ನಮ್ಮಿಬ್ಬರನ್ನೂ ನೋಡಿ, “ನೋಡ್ರಪ್ಪ, ಚಿಕ್ಕೋಳ್ ಸೊಂಟದಲ್ಲಿ ಕೂಸು, ದೊಡ್ಡೋಳ್ ಸೊಂಟದಲ್ಲಿ ಬಿಂದ್ಗೆ” ಎಂದಳು. ರತ್ನ ನಕ್ಕಳು. ಕೆಟ್ಟ ನಗೆಯೇನಲ್ಲ, ಬಾಯಿಗೆ ಬಂದುಬಿಟ್ಟ ನಗೆ. ಅವಳು ಚಿಕ್ಕಂದಿನಿಂದಲೂ ಹಾಗೆಯೇ, ಸಾವಿನ ಮನೆಯಲ್ಲೂ ನಗು ತಡೆಯಲಾರಳು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಬಿಂದಿಗೆ ಹಿತ್ತಲಿಗೆ ಒಯ್ದು, ಗುಂಡಿಯ ಪಕ್ಕ ಕುಕ್ಕಿ, ನೀರು ಹುಯ್ಯದೆ ಕುಳಿತೆ. ಇವತ್ತೊಂದು ದಿನ ಉಗುರು ಬೆಚ್ಚಗಿನ ನೀರಲ್ಲೇ ಮೀಯಲಿ, ಮಹಾರಾಣಿ. ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ. ಬಿಸಿ ನೀರಿಲ್ಲ ಎಂದು ಮುಖ ಸಿಂಡರಿಸಬೇಕು, ನಾನು ಒಳಗೊಳಗೆ ನಗಬೇಕು.

ಬಚ್ಚಲಿನಿಂದ ಅವ್ವ ಕೂಗಿದಳು. “ಯಾಕಮ್ಮಿ, ಇವತ್ತು ನೀರೇ ಕಾಯ್ತಿಲ್ವಲ್ಲ?”

“ಕರೆಂಟು ಕಮ್ಮಿ ಅದೆ. ಆರಿಸ್ಬ್ಯಾಡ, ಅಂಗೇ ಬುಟ್ಟಿರು” ಎಂದೆ.

ಅವ್ವ ಹಾಗೇ ಬಿಟ್ಟಳು. ರತ್ನನಿಗೆ ಎಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ತಾನು ಚಪ್ಪಲಿ ಮೆಟ್ಟಿಕೊಂಡು ಕಾದಷ್ಟು ನೀರು ಹುಯ್ಯುತ್ತ, ಅರಿಸಿನ ತೆಗೆದುಕೊಳ್ಳಲು ಆಚೆ ತಿರುಗಿದ್ದಾಳೆ. ರತ್ನನಿಗೆ ಚಳಿಯಾಗಿದೆ. ಮಣೆಯಿಂದ ಎದ್ದು, ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ನೀರು ಎಷ್ಟು ಬಿಸಿಯಿದೆ ನೋಡೋಣವೆಂದು ಹಂಡೆಯ ಕಂಠಕ್ಕೆ ಬಲಗೈ ಹಾಕಿದ್ದಾಳೆ.

ಕಿರುಚಲಿಲ್ಲ ಅವಳು. ಕಿರುಚಿದ್ದು ಅವ್ವ. ನಾನು ಓಡಿಬಂದಾಗ ರತ್ನ ಹಂಡೆಗೆ ಅಂಟಿಕೊಂಡು ನಡುಗುತ್ತಿದ್ದಳು. ಎಳೆಯಲು ಹೋದ ಅವ್ವ ಗೋಡೆಗೆ ಬಡಿದು ಬಿದ್ದಿದ್ದಳು. ಪ್ಲಗ್ಗು ಕಿತ್ತೆ. ರತ್ನ ಬಟ್ಟೆ ಜಾರಿದಂತೆ ಕೆಳಗೆ ಜಾರಿದಳು. ಅಂಗೈ ಸುಟ್ಟ ವಾಸನೆ ಬಚ್ಚಲ ತುಂಬ ಇತ್ತು. ಅದನ್ನು ಬರೆಯಬಾರದಿತ್ತೇನೋ. ಆದರೆ ಎಣ್ಣೆ, ಅರಿಸಿನವನ್ನೆಲ್ಲ ಹೇಳಿ ಅದೊಂದನ್ನು ಬಿಟ್ಟರೆ ಈ ಬರಹವೂ ಇನ್ನೊಂದು ಸುಳ್ಳಾಗುತ್ತದೆ.

ಯಾರದೋ ಟೆಂಪೋದಲ್ಲಿ ಅವಳನ್ನು ಶ್ರೀರಂಗಪಟ್ಟಣಕ್ಕೂ ಅಲ್ಲಿಂದ ಮೈಸೂರಿಗೂ ಕರೆದುಕೊಂಡು ಹೋದರು. ಅಪ್ಪ, ಅವ್ವ, ಜಯಮ್ಮ ಎಲ್ಲರೂ ಹೋದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ಕೂಸು. ಕೂಸು ಹಸಿದು ಅಳುತ್ತಿತ್ತು. ನಾನು ಅದನ್ನು ಅಳಲು ಬಿಟ್ಟು, ಮೊದಲು ಹಿತ್ತಲಿಗೆ ಹೋಗಿ ಕೊಳವೆಗೆ ಸುತ್ತಿದ್ದ ತಂತಿಯನ್ನು ಬಿಚ್ಚಿದೆ. ಸುರುಳಿ ಸುತ್ತಿ ಸೌದೆಯ ಕೆಳಗೆ ತುರುಕಿದೆ. ಆಮೇಲೆ ಬಂದು ಕೂಸನ್ನು ಎತ್ತಿಕೊಂಡೆ.

ಆ ಹೊತ್ತಿನಲ್ಲಿ ನನಗೆ ಪೂರ್ತಿ ತಿಳಿದಿರಲಿಲ್ಲ, ಏನೋ ನನ್ನದೇ ಎಂಬುದಷ್ಟೇ ಗೊತ್ತಿತ್ತು. ತಿಳಿದದ್ದು ನಮ್ಮ ತಂತಿ ಸರಿಮಾಡಲು ಲೈನ್‌ಮ್ಯಾನು ಬಂದ ದಿನ. ಬೀದಿಯ ಕೊನೆಯ ಮನೆಯವನೂ ಹೀಗೆಯೇ ಅರ್ತಿಂಗಿಗೆ ತಂತಿ ಕೊಟ್ಟುಕೊಂಡಿದ್ದ. ಲೈನ್‌ಮ್ಯಾನು ಕಂಬದ ಮೇಲಿಂದಲೇ ಅವನಿಗೆ ಬೈಯುತ್ತಿದ್ದ. “ಲೇ, ಗುಂಡಿ ಒಣಗಿದ್ರೆ ಆ ಕರೆಂಟು ಎಲ್ಲಿಗೋದಾತ್ಲಾ? ನಿಮ್ಮತ್ತೆ ಮನ್ಗೋದಾತಾ? ಕಾಯಿಲಿನ್ ಅರ್ತ್ ತಂತಿನೂ ಅದೇ ಕೊಳ್ವೆಗೆ ತಾನೆ ಇರಾದು? ವಾಪಸ್ ನಿನ್ ಮನೆ ಅಂಡೆಗೇ ಬಂದು ಕೂತ್ಕೋತದೆ ಕಣ್ಲಾ!” ಬೀದಿಯವರೆಲ್ಲ ನಕ್ಕರು. ನಾನು ಬೇಲಿಯ ಈಚೆ ಸಗಣಿ ತಟ್ಟುತ್ತಿದ್ದೆ. ತಟ್ಟುತ್ತಲೇ ಇದ್ದೆ.

ರತ್ನ ಉಳಿದಳು. ಬಲಗೈಯ ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ತಪ್ಪು ಯಾರದು ಎಂದು ಊರು ಬಹಳ ಹುಡುಕಲಿಲ್ಲ. ಸ್ವಿಚ್ಚು ಆರಿಸದೆ ಬಾಣಂತಿಯನ್ನು ಕೂರಿಸಿದವಳು ಅವ್ವ, ಅಷ್ಟು ಸಾಕಾಗಿತ್ತು. ಅವ್ವನೂ ಇಲ್ಲವೆನ್ನಲಿಲ್ಲ. “ಸುಸೀಲ ಆರಿಸ್ಬ್ಯಾಡ ಅಂದ್ಲು” ಎಂದು ಒಮ್ಮೆಯಾದರೂ ಹೇಳಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವಳು ಹೇಳಲಿಲ್ಲ, ನಾನು ಕಾಯುತ್ತ ಕುಳಿತೆ. ಅಷ್ಟರಲ್ಲಿ ನಾಗಮಂಗಲದ ಕಡೆಯಿಂದ ನನಗೊಂದು ಸಂಬಂಧ ಬಂತು. ಒಡಹುಟ್ಟಿದವಳ ಕೈ ಸುಟ್ಟವಳು ಎಂದು ಗೊತ್ತಾದರೆ ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಮದುವೆ ಆಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮದುವೆ ಆಯಿತು.

ತವರಿಗೆ ಬಂದಾಗ ಒಮ್ಮೆ ನೋಡಿದೆ. ಜಯಮ್ಮನ ಮಗಳಿಗೆ ಹೆರಿಗೆಯಾಗಿತ್ತು. ಅವ್ವ ಬೆಳಿಗ್ಗೆಯೇ ಎದ್ದು, ಹಳೆ ಸೀರೆ ಉಟ್ಟು, ಎಲೆಅಡಿಕೆ ಹಾಕಿಕೊಂಡು ಜಗುಲಿಯಲ್ಲಿ ಕುಳಿತಿದ್ದಳು. ಕರೆಯಲಿಲ್ಲ. ಕೊನೆಗೆ ತಾನೇ ಹೋದಳು. ಜಯಮ್ಮ ಬಾಗಿಲಲ್ಲಿಯೇ ನಿಂತು, “ಪಾಂಡವಪುರದಿಂದ ನಮ್ ಬೀಗಿತಿ ಬಂದವ್ಳೆ ನಿಂಗಕ್ಕ, ಅವಳೇ ಉಯ್ತಾಳಂತೆ. ನಿಂಗ್ಯಾಕೆ ಸುಮ್ಕೆ ತೊಂದ್ರೆ?” ಎಂದಳು. ಅವ್ವ, “ಅಂಗಾರೆ ಸರಿ ಬುಡು, ಒಳ್ಳೇದಾತು” ಎಂದು ವಾಪಸು ಬಂದಳು. ಬಂದವಳು ಯಾಕೋ ಕೈ ತೊಳೆದುಕೊಂಡಳು. ಯಾವ ಕೆಲಸವನ್ನೂ ಮಾಡಿರಲಿಲ್ಲ, ಆದರೂ ಮೊಣಕೈಯವರೆಗೂ ತಿಕ್ಕಿ ತೊಳೆದಳು. ಅಲ್ಲಿಂದಾಚೆಗೆ ನಮ್ಮ ಬೀದಿಯಲ್ಲಿ ಯಾರೂ ಅವಳನ್ನು ಕರೆಯಲಿಲ್ಲ.

ರತ್ನನಿಗಾದರೂ ಹೇಳಿಬಿಡೋಣವೆಂದು ಒಂದು ಸಲ ಹೊಸಹೊಳಲಿಗೆ ಹೋದೆ. ಊಟದ ಹೊತ್ತು. ಅವಳು ಎಡಗೈಯಲ್ಲಿ ಮುದ್ದೆ ಕಟ್ಟಲು ಒದ್ದಾಡುತ್ತಿದ್ದಳು. ಮುದ್ದೆ ಕಟ್ಟುವುದು ಅಂಗೈಯ ಕೆಲಸ. ಬಿಸಿ ಹಿಟ್ಟನ್ನು ಒತ್ತಿ, ಹೊರಳಿಸಿ, ನುಣ್ಣಗೆ ಮಾಡಲು ಬೆರಳುಗಳು ಬಿಚ್ಚಬೇಕು. ಅವಳ ಅತ್ತೆ ತಟ್ಟೆಯ ಮುಂದೆ ಕುಳಿತು, ಮಾತು ನನ್ನ ಕಡೆಗೆ ಎಸೆದಳು. “ನಿಮ್ಮವ್ವ ಅವತ್ತು ಒಂದ್ ಸ್ವಿಚ್ ಆರ್ಸಿದ್ರೆ ನಾವು ಇಂಗೆ ಕಲ್ ಕಲ್ ಮುದ್ದೆ ಉಣ್ತಿರ್ಲಿಲ್ಲ.”

“ಬುಡತ್ತೆ, ಇವತ್ತು ಅಕ್ಕ ಕಟ್ತಾಳೆ” ಎಂದು ರತ್ನ ನಕ್ಕು ಪಕ್ಕಕ್ಕೆ ಸರಿದಳು. ನಾನು ಎಲ್ಲರಿಗೂ ಮುದ್ದೆ ಕಟ್ಟಿದೆ. ಬೇಕೆಂತಲೇ ಒಂದೆರಡನ್ನು ಸೊಟ್ಟ ಮಾಡಿದೆ. ಆದರೂ ಆ ಅತ್ತೆ, “ಕೈಯಂದ್ರೆ ಇದು” ಎಂದಳು. ಊಟ ಮುಗಿಸಿ, ಏನೂ ಹೇಳದೆ ಬಸ್ಸು ಹತ್ತಿದೆ.

ಕೊನೆಗೆ ಹೇಳಿದ್ದು ಅವ್ವನಿಗೆ. ಅವಳು ಹಿತ್ತಲಿನಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಬಿಂದಿಗೆಯಿಂದ ಹಿಡಿದು ತಂತಿ ಬಿಚ್ಚಿದ ತನಕ ಎಲ್ಲವನ್ನೂ ಹೇಳಿದೆ. ಅವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಕೂಸು ಅಳ್ತಿದ್ದಾಗ್ಲೇ ಬಿಚ್ಚಿದ್ಯಾ?” ಎಂದಳು.

“ಹೂಂ.”

ಇನ್ನೊಂದಿಷ್ಟು ಕಾಯಿ ಬಿಡಿಸಿದಳು. ಸಿಪ್ಪೆ, ಕಾಳು ಒಂದೇ ಮೊರಕ್ಕೆ ಬೀಳುತ್ತಿದ್ದವು. “ರತ್ನಂಗೆ ಯೋಳ್ಬ್ಯಾಡ” ಎಂದಳು. “ನಾನೂ ನಿಮ್ಮಪ್ಪ ಎಷ್ಟ್ ದಿನ ಇದ್ದೇವು? ಆಮೇಲೆ ಅವಳ್ಗೆ ತವರು ಅಂತ ಇರೋಳು ನೀನೊಬ್ಳೇ. ಅದ್ನೂ ಕಳೀಬ್ಯಾಡ. ನನ್ ಮೇಲೆ ಎಂಗೂ ಬಂದದೆ, ಇರ್ಲಿ ಬುಡು.”

ಅವ್ವನ ಮಾತಿಗೆ ಎದುರಾಡದೆ ಬೆಳೆದವಳಲ್ಲ ನಾನು. ಸೌದೆಗೆ, ಸೀರೆಗೆ, ಎಮ್ಮೆಗೆ, ಎಲ್ಲದಕ್ಕೂ ಜಗಳ ಆಡಿದ್ದೇನೆ. ಅವತ್ತು ಮಾತ್ರ ಒಂದೇ ಮಾತಿಗೆ ತಲೆಯಾಡಿಸಿದೆ. ಜೀವಮಾನದಲ್ಲಿ ಅವಳು ಹೇಳಿದ್ದನ್ನು ನಾನು ಅಷ್ಟು ಬೇಗ ಕೇಳಿದ್ದು ಅದೊಂದೇ ಸಲ. ಎದೆ ಹಗುರವಾಯಿತು. ಆ ಹಗುರಕ್ಕೆ ಈಗಲೂ ನಾಚುತ್ತೇನೆ.

ರತ್ನ ಎರಡನೇ ಬಾಣಂತನಕ್ಕೆ ತವರಿಗೆ ಬರಲಿಲ್ಲ. ಅತ್ತೆ ಮನೆಯಲ್ಲಿಯೇ ಮುಗಿಸಿಕೊಂಡು, ಹೆಣ್ಣು ಕೂಸನ್ನು ಎತ್ತಿಕೊಂಡು ನೋಡಿಹೋಗಲು ಬಂದಳು. ನಾನೂ ನಾಗಮಂಗಲದಿಂದ ಬಂದಿದ್ದೆ. ಅವ್ವ ಕತ್ತಲಿರುವಾಗಲೇ ಸೌದೆ ಒಲೆ ಹಚ್ಚಿ ನೀರು ಕಾಯಿಸಿದ್ದಳು, ಹರಳೆಣ್ಣೆ ಬೆಚ್ಚಗೆ ಮಾಡಿಟ್ಟಿದ್ದಳು, ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಬಚ್ಚಲಲ್ಲಿ ಕಾಲು ಚಾಚಿ ಕುಳಿತೂ ಆಗಿತ್ತು. “ತತ್ತಾರವ್ವ” ಎಂದು ಕೈ ನೀಡಿದಳು.

ರತ್ನ ಕೂಸನ್ನು ಎದೆಗೊತ್ತಿಕೊಂಡು ಬಾಗಿಲಲ್ಲೇ ನಿಂತಳು. ಒರಟಾಗಿ ಮಾತಾಡಲಿಲ್ಲ. ಮೆತ್ತಗೆ, “ಏಳವ್ವ, ಅಕ್ಕ ಉಯ್ತಾಳೆ. ನಿಂಗ್ಯಾಕೆ ಈ ವಯಸ್ಸಲ್ಲಿ” ಎಂದಳು.

ಅವ್ವ ನೀಡಿದ ಕೈಯನ್ನು ನೆಲಕ್ಕೆ ಊರಿ ಎದ್ದಳು. ನನ್ನ ಮುಖ ನೋಡಲಿಲ್ಲ. ನಾನು ಬಾಯಿ ತೆರೆಯಬೇಕಾಗಿದ್ದ ಜಾಗ ಅದು. ಅವ್ವ ಹೊಸಿಲು ದಾಟುವಷ್ಟು ಹೊತ್ತು ಇತ್ತು. ನಾನು ಸೀರೆ ಎತ್ತಿ, ಅವ್ವ ಕುಳಿತು ಬೆಚ್ಚಗಾಗಿದ್ದ ಕಲ್ಲಿನ ಮೇಲೆಯೇ ಕುಳಿತು ಕಾಲು ಚಾಚಿದೆ. ರತ್ನ ಎಡಗೈಯಿಂದ ಕೂಸನ್ನು ನನ್ನ ಕಾಲ ಮೇಲೆ ಮಲಗಿಸಿದಳು. ಮಡಚಿದ ಬಲಗೈಯನ್ನು ಅದರ ಹೊಟ್ಟೆಗೆ ಆನಿಸಿ ಜಾರದಂತೆ ಹಿಡಿದಳು.

“ಕತ್ತಿನ್ ಕೆಳ್ಗೆ ವಸಿ ಕೈ ಕೊಡಮ್ಮಿ” ಎಂದಳು ಅವ್ವ ಹೊಸಿಲಿನಾಚೆಯಿಂದ.

“ಅಕ್ಕಂಗೆ ಎಲ್ಲ ಗೊತ್ತವ್ವ. ನೀ ಆಚೆ ಓಗಿ ಕೂತ್ಕೋ” ಎಂದಳು ರತ್ನ.

ಅವ್ವ ಹೋದಳು. ನಾನು ತಂಬಿಗೆ ಅದ್ದಿ ನೀರು ಹುಯ್ದೆ. ಕೂಸು ಒಮ್ಮೆ ಬೆಚ್ಚಿ, ಕಣ್ಣುಬಿಟ್ಟು ನನ್ನನ್ನೇ ನೋಡಿತು. ಅಳಲಿಲ್ಲ.

“ನೋಡಕ್ಕ, ನಿನ್ ಕೈಲಿ ಎಷ್ಟ್ ನೆಮ್ದಿಯಾಗದೆ” ಎಂದು ರತ್ನ ನಕ್ಕಳು.

ಹೂಂ ಎಂದು ಇನ್ನೊಂದು ತಂಬಿಗೆ ಹುಯ್ದೆ.